ಒಂದೂ ದೂರು ಬಂದಿಲ್ಲ

"ಇನ್ನೊಂದು ಹೆಜ್ಜೆ ಹಿಂದಕ್ಕೆ ಸಾರ್, ನೀರು ಕಾಣಬೇಕು," ಎಂದಳು ಪತ್ರಿಕೆಯ ಹುಡುಗಿ.

ನಗರಸಭೆಯ ಸದಸ್ಯ ಹಿಂದೆ ಸರಿದು ಕಲ್ಲಿನ ಮೇಲೆ ನಿಂತ. ಅವನ ಬೆನ್ನ ಹಿಂದೆ ಹಳ್ಳ ಬೆಳಗಿನ ಬಿಸಿಲಿಗೆ ತಳದವರೆಗೂ ಕಾಣುತ್ತಿತ್ತು. ಹೋದ ವರ್ಷ ಇಲ್ಲಿ ಮೂಗು ಮುಚ್ಚಿಕೊಳ್ಳದೆ ಯಾರೂ ನಿಲ್ಲುವಂತಿರಲಿಲ್ಲ. ಈಗ ಬೆರಳುದ್ದದ ಮೀನುಗಳು ಬಂದಿದ್ದವು. ಅವನ್ನು ತೋರಿಸುವಾಗ ಅವನ ದನಿ ತಾನಾಗಿ ತಗ್ಗುತ್ತಿತ್ತು, ಜೋರಾಗಿ ಮಾತಾಡಿದರೆ ಎಲ್ಲಿ ಓಡಿಹೋಗುತ್ತವೋ ಎನ್ನುವ ಹಾಗೆ.

ಅದು ವೇಷವಾಗಿರಲಿಲ್ಲ. ಅವನು ಈ ದಡದಲ್ಲೇ ಬೆಳೆದವನು. ಚುನಾವಣೆಗೆ ನಿಂತಾಗ ಉಳಿದವರೆಲ್ಲ ರಸ್ತೆ, ದೀಪ ಎಂದರೆ ಇವನು ಹಳ್ಳ ಎಂದಿದ್ದ. ಗೆದ್ದ ಮೇಲೂ ಹಳ್ಳ ಎನ್ನುವುದನ್ನು ಬಿಡಲಿಲ್ಲ. ಮಾರುಕಟ್ಟೆಯವರು 'ಹಳ್ಳದ ಮೆಂಬರು' ಎಂದು ಹೆಸರಿಟ್ಟು ನಗುತ್ತಿದ್ದರು, ಅವನೂ ನಗುತ್ತಿದ್ದ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಚರಂಡಿ ನಿಲ್ಲಿಸಿದ. ಕಸದ ಲಾರಿಗಳನ್ನು ಬೇರೆ ಕಡೆಗೆ ತಿರುಗಿಸಿದ. ಕೊನೆಗೆ ಉಳಿದದ್ದು ಮಾರುಕಟ್ಟೆಯ ಹಿಂದಿನ ಸಾರ್ವಜನಿಕ ಶೌಚಾಲಯ. ಅದರ ಪೈಪು ನೇರವಾಗಿ ಹಳ್ಳಕ್ಕೆ ಬೀಳುತ್ತಿತ್ತು. ಹೊಸ ಒಳಚರಂಡಿ ಬರುವವರೆಗೆ ಅದಕ್ಕೆ ಬೀಗ ಹಾಕಿಸಿದ.

"ಅದನ್ನ ಮುಚ್ಚಿದ್ದರಿಂದ ಜನಕ್ಕೆ ತೊಂದರೆ ಆಗಲಿಲ್ವಾ ಸಾರ್?" ಹುಡುಗಿ ಕೇಳಿದಳು.

"ಮೊದಲು ನೀರು, ಗಾಳಿ. ಅವು ಉಳಿದರೆ ತಾನೆ ಮಿಕ್ಕ ಸೌಲಭ್ಯ? ಜನಕ್ಕೆ ತಿಳಿಸಿ ಹೇಳಿದರೆ ಅವರು ಸ್ವಲ್ಪ ಕಷ್ಟ ಸಹಿಸ್ತಾರೆ. ಬರ್ಕೊಳ್ಳಿ, ಇವತ್ತಿನವರೆಗೆ ಒಂದೂ ದೂರು ಬಂದಿಲ್ಲ."

ಆ ಮಾತೂ ಸುಳ್ಳಾಗಿರಲಿಲ್ಲ. ಬೀಗ ಹಾಕುವ ಮೊದಲು ಅವನು ಮಾರುಕಟ್ಟೆಯ ಬಾಗಿಲಲ್ಲೇ ಸಭೆ ಕರೆದಿದ್ದ. ವ್ಯಾಪಾರಕ್ಕೆ ಅಡ್ಡಿಯಾಗಬಾರದೆಂದು ಬೆಳಗ್ಗೆ, ಅಂಗಡಿಗಳು ತೆರೆಯುವ ಮೊದಲೇ ಇಟ್ಟುಕೊಂಡಿದ್ದ. "ಬೇಡ ಅನ್ನೋರು ಕೈ ಎತ್ತಿ" ಎಂದು ಮತ್ತೆ ಮತ್ತೆ ಕೇಳಿದ್ದ. ಒಂದು ಕೈಯೂ ಏಳಲಿಲ್ಲ. ಅಷ್ಟಕ್ಕೇ ಸಮಾಧಾನವಾಗದೆ, ಅಕ್ಕನ ಮನೆಗೆ ಊಟಕ್ಕೆ ಹೋದಾಗ ಭಾವನ ಎದುರಿಗೆ ಅವಳನ್ನೂ ಕೇಳಿದ್ದ. ಅಕ್ಕ ಅದೇ ಮಾರುಕಟ್ಟೆಯಲ್ಲಿ ತರಕಾರಿ ಮಾರುವವಳು. ತಾಯಿ ಹೋದ ಮೇಲೆ ಅವನನ್ನು ಸಾಕಿ, ಓದಿಸಿ, ಮೈಕಿನ ಮುಂದೆ ನಿಲ್ಲುವ ಹಾಗೆ ಮಾಡಿದವಳು. "ನಮ್ದೇನಿದ್ಯೋ, ನೀನು ನಿನ್ನ ಕೆಲಸ ನೋಡು," ಎಂದು ಅವಳು ಅವನ ತಟ್ಟೆಗೆ ಇನ್ನಷ್ಟು ಬಡಿಸಿದ್ದಳು.

ಹುಡುಗಿ ಬರೆದುಕೊಳ್ಳುತ್ತಿರುವಾಗಲೇ ಫೋನು ಹೊಡೆದುಕೊಂಡಿತು. ಭಾವ. ಅವನಿಗೆ ಮಾತೇ ಸರಿಯಾಗಿ ಹೊರಡುತ್ತಿರಲಿಲ್ಲ.

"ನಿಮ್ಮಕ್ಕ ಬಿದ್ದುಬಿಟ್ಲು ಕಣೋ. ಅಂಗಡೀಲೇ. ದೊಡ್ಡಾಸ್ಪತ್ರೆಗೆ ಬಾ."

ಹೆಂಗಸರ ವಾರ್ಡಿನಲ್ಲಿ ಗೋಡೆಯ ಪಕ್ಕದ ಮಂಚದ ಮೇಲೆ ಅಕ್ಕ ಕಣ್ಣು ಮುಚ್ಚಿ ಮಲಗಿದ್ದಳು. ಮುಖ ಕೆಂಡದ ಹಾಗೆ ಸುಡುತ್ತಿದ್ದರೂ ಮೈ ಗಡಗಡ ನಡುಗುತ್ತಿತ್ತು. ತುಟಿ ಒಡೆದು ಸಿಪ್ಪೆ ಎದ್ದಿತ್ತು. ಮೊನ್ನೆ ಮೊನ್ನೆ ನೋಡಿದ ಅಕ್ಕನೇ ಇವಳು ಎಂದು ಅವನಿಗೆ ನಂಬಲಾಗಲಿಲ್ಲ. ತಪ್ಪು ಮಂಚದ ಹತ್ತಿರ ಬಂದೆನೇನೋ ಎಂದು ಆಚೀಚೆ ನೋಡಿದ ಕೂಡ. ಕೈಗೆ ಚುಚ್ಚಿದ ಸೂಜಿಯಿಂದ ನೀರು ಹನಿಹನಿಯಾಗಿ ಇಳಿಯುತ್ತಿತ್ತು.

ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವಳು, ಅವಸರದಲ್ಲಿದ್ದಳು. "ನೀವು ಇವರಿಗೆ ಏನಾಗಬೇಕು?"

"ತಮ್ಮ."

"ಇವರು ನೀರು ಕುಡಿಯೋದೇ ಇಲ್ವಾ?"

ಅವನು ಭಾವನ ಮುಖ ನೋಡಿದ. ಭಾವ ನೆಲ ನೋಡಿದ.

"ನೀರು ಕುಡಿಯಲ್ಲ, ಮೂತ್ರ ಬಂದ್ರೂ ಇಡೀ ದಿನ ಕಟ್ಕೊಂಡು ಕೂರ್ತಾರೆ. ಸೋಂಕು ಮೂತ್ರಪಿಂಡಕ್ಕೆ ಹತ್ತಿ ಈಗ ರಕ್ತಕ್ಕೂ ಸೇರಿದೆ. ಔಷಧಿ ಶುರು ಮಾಡಿದ್ದೀವಿ. ನಾಳೆಯವರೆಗೂ ನಾನೇನೂ ಹೇಳೋಕಾಗಲ್ಲ." ಕಿವಿಯಲ್ಲಿ ಇಟ್ಟುಕೊಂಡಿದ್ದ ಕೊಳವೆಯನ್ನು ತೆಗೆದು ಕುತ್ತಿಗೆಗೆ ಹಾಕಿಕೊಂಡಳು. "ಮಾರುಕಟ್ಟೆ ಹೆಂಗಸರು ಈಚೆಗೆ ಒಬ್ಬರ ಹಿಂದೆ ಒಬ್ಬರು ಹೀಗೇ ಬರ್ತಿದ್ದಾರೆ. ಇವರಷ್ಟು ಯಾರೂ ಕೆಡಿಸ್ಕೊಂಡಿರಲಿಲ್ಲ. ಅಲ್ಲಿದ್ದ ಶೌಚಾಲಯಾನ ಯಾರೋ ಮುಚ್ಚಿಸಿಬಿಟ್ರಂತೆ. ಯಾವ ಪುಣ್ಯಾತ್ಮನೋ."

ಹಾಗೆಂದು ಅವಳು ಪಕ್ಕದ ಮಂಚಕ್ಕೆ ಹೋದಳು. ಅವನಿಗೆ ಕಿವಿಯಲ್ಲಿ ಗುಂಯ್ ಎಂದಿತು. ಅವಳ ತುಟಿ ಇನ್ನೂ ಆಡುತ್ತಿತ್ತು, ಪಕ್ಕದ ರೋಗಿ ಏನೋ ಹೇಳುತ್ತಿದ್ದಳು, ಯಾವುದೂ ಕೇಳಿಸುತ್ತಿರಲಿಲ್ಲ. ಮಂಚದ ಕಬ್ಬಿಣ ಹಿಡಿದುಕೊಂಡು ನಿಂತ. 'ಅದು ನಾನೇ' ಎನ್ನಬೇಕು ಎನಿಸಿತು. ಅದರ ಬದಲು ಭಾವನ ಕಡೆ ತಿರುಗಿದ.

"ಭಾವ, ನಿಮಗೆ ಗೊತ್ತಿತ್ತಾ?"

"ನನಗೆಲ್ಲಿ ಹೇಳ್ತಾಳೆ? ರಾತ್ರಿ ಮನೆಗೆ ಬಂದ ತಕ್ಷಣ ಚೀಲ ಬಿಸಾಕಿ ಹಿತ್ತಲಿಗೆ ಓಡೋಳು. ನಾನು ನಗಾಡ್ತಿದ್ದೆ. ಏನೇ, ಹಿತ್ತಲಲ್ಲಿ ಯಾರು ಕಾಯ್ತಿದ್ದಾರೆ ಅಂತ." ಭಾವನ ಗಲ್ಲ ಅದುರಿತು. "ನಗಾಡ್ತಿದ್ದೆ ಕಣೋ."

ಅಷ್ಟರಲ್ಲಿ ಅಕ್ಕನ ಪಕ್ಕದ ಅಂಗಡಿಯ ನಿಂಬೆಹಣ್ಣಿನವಳು ಅಕ್ಕನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಬಂದಳು. ಹೊತ್ತು ತರುವ ಗಡಿಬಿಡಿಯಲ್ಲಿ ಅವು ಅಲ್ಲೇ ಉಳಿದಿದ್ದವು. ಮಂಚದ ಕೆಳಗೆ ಜೋಡಿಸಿಟ್ಟು, ಸೊಂಟ ನೆಟ್ಟಗೆ ಮಾಡಿ, ಅವನನ್ನು ಕೆಳಗಿಂದ ಮೇಲಕ್ಕೆ ನೋಡಿದಳು.

"ಮೆಂಬರೇ, ನಿಮ್ಮ ಹಳ್ಳಕ್ಕೆ ಮೀನು ಬಂದಿದೆಯಂತೆ."

ಅವನು ಮಂಚದ ಕೆಳಗಿನ ಚಪ್ಪಲಿಗಳ ಕಡೆ ನೋಡಿದ.

"ಪುಣ್ಯ ಮಾಡಿದ್ವು ಬಿಡಿ. ಅವಕ್ಕೆ ನೀರಲ್ಲೇ ಎಲ್ಲ ಆಗುತ್ತೆ. ನಾವು ಏನು ಮಾಡೋಣ?"

"ಒಂದು ಮಾತು ಹೇಳಬಹುದಿತ್ತಲ್ಲಮ್ಮ. ನಾನು ಸಭೆ ಕರೆದಿದ್ದೆ. ಕೈ ಎತ್ತಿ ಅಂತ ಕೇಳ್ದೆ."

"ಕೇಳಿದ್ರಿ, ಇಲ್ಲ ಅನ್ನಲ್ಲ. ಬೆಳಗ್ಗೆ, ಮಾಲು ಇಳಿಯೋ ಹೊತ್ತಿಗೆ. ನಾವೆಲ್ಲ ಹಿಂದುಗಡೆ ಲಾರಿ ಹತ್ರ ಇದ್ವಿ. ಕೈ ಎತ್ತಿ ಅಂದದ್ದು ಕೇಳಿಸ್ತು. ಕೈಯಲ್ಲಿ ಮೂಟೆ ಇತ್ತು ಮೆಂಬರೇ."

ಆ ಬೆಳಗು ಅವನ ಕಣ್ಣ ಮುಂದೆ ಬಂತು. ಎದುರಿಗೆ ಹಮಾಲರು, ದಲ್ಲಾಳಿಗಳು, ಚಹಾದವನು, ತಲೆದೂಗುವ ಗಂಡಸರು. ಅಲ್ಲಿ ಒಬ್ಬ ಹೆಂಗಸೂ ಇರಲಿಲ್ಲ ಎನ್ನುವುದು ಅವನಿಗೆ ಈಗ ಹೊಳೆಯಿತು. ಆವತ್ತು ಅದು ಗಮನಕ್ಕೇ ಬಂದಿರಲಿಲ್ಲ.

"ಆಮೇಲಾದ್ರೂ ಬರಬಹುದಿತ್ತು," ಎಂದ. ತನ್ನ ದನಿ ತನಗೇ ಸಣ್ಣದೆನಿಸಿತು.

"ಹೊರಟಿದ್ವಲ್ಲ! ಎಲ್ಲ ಸೇರಿ ನಿಮ್ಮ ಮನೆಗೇ ನುಗ್ಗೋಣ ಅಂತ ಹೊರಟಿದ್ವಿ. ಅಡ್ಡ ನಿಂತೋಳು ಯಾರು ಅಂದ್ಕೊಂಡ್ರಿ?" ನಿಂಬೆಹಣ್ಣಿನವಳು ಮಂಚದ ಕಡೆ ಕೈ ಮಾಡಿದಳು. "ನಿಮ್ಮಕ್ಕನೇ. 'ಈಗ ತಾನೆ ಗೆದ್ದಿದ್ದಾನೆ, ಒಂದು ಒಳ್ಳೆ ಕೆಲಸಕ್ಕೆ ಕೈ ಹಾಕಿದ್ದಾನೆ, ನಾವೇ ಕಾಲೆಳೆದ್ರೆ ಅವನ ಕಡೆ ಇನ್ಯಾರಿರ್ತಾರೆ, ಸ್ವಲ್ಪ ದಿನ ತಡ್ಕೊಳ್ರೇ' ಅಂತ ಒಬ್ಬೊಬ್ಬರ ಕೈ ಹಿಡಿದು ಬೇಡ್ಕೊಂಡ್ಲು. ಅವಳ ಮುಖ ನೋಡಿ ಸುಮ್ಮನಾದ್ವಿ."

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಒಂದೂ ದೂರು ಬಂದಿಲ್ಲ. ಬಂದಿರಲಿಲ್ಲ, ನಿಜ.

"ಮತ್ತೆ ನೀವೆಲ್ಲ... ಹೇಗೆ..." ಮುಂದೆ ಕೇಳಲು ಅವನಿಗೆ ನಾಚಿಕೆಯಾಯಿತು.

"ಹೇಗೆ ಅಂದ್ರೆ? ಬಸ್ ಸ್ಟ್ಯಾಂಡಿಗೆ ಹೋಗಿ ಬರೋ ಅಷ್ಟರಲ್ಲಿ ಅಂಗಡಿ ಹಂದಿ ಪಾಲು. ನಿಂತಿರೋ ಲಾರಿ ಹಿಂದೆ ಕೂರ್ತೀವಿ. ಒಬ್ಬಳು ಬಟ್ಟೆ ಅಡ್ಡ ಹಿಡೀತಾಳೆ. ಹಿಡೀತಿದ್ದವಳೂ ನಿಮ್ಮಕ್ಕನೇ. ಡ್ರೈವರ್ ಗಾಡಿ ತೆಗೆಯೋಕೆ ಬಂದ್ರೆ, 'ಲೇ, ಕಣ್ಣು ಕಿತ್ತುಬಿಡ್ತೀನಿ, ಆ ಕಡೆ ತಿರುಗು' ಅಂತ ಗದರಿಸೋಳು." ಆ ನೆನಪಿಗೆ ಅವಳಿಗೆ ನಗು ಬಂದುಬಿಟ್ಟಿತು. ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಕಣ್ಣು ತುಂಬಿತ್ತು. "ಎಲ್ಲರಿಗೂ ಹಿಡಿದ್ಲು. ತಾನು ಮಾತ್ರ ಒಂದು ದಿನವೂ ಕೂರಲಿಲ್ಲ. ಮೆಂಬರ್ ಅಕ್ಕ ಲಾರಿ ಹಿಂದೆ ಕೂತಿದ್ಲು ಅಂತ ಯಾರಾದ್ರೂ ಆಡ್ಕೊಂಡ್ರೆ ತಮ್ಮನ ಮರ್ಯಾದೆ ಹೋಗುತ್ತಂತೆ."

ಭಾವ ಎದ್ದು ವರಾಂಡಕ್ಕೆ ಹೋದ.

ಮಧ್ಯಾಹ್ನದ ಹೊತ್ತಿಗೆ ಅಕ್ಕ ಕಣ್ಣು ಬಿಟ್ಟಳು. ತಮ್ಮನನ್ನು ಗುರುತಿಸಿದವಳೇ, "ಅಂಗಡಿ ಯಾರು ನೋಡ್ಕೋತಿದ್ದಾರೆ?" ಎಂದಳು.

"ಅಂಗಡಿ ಹಾಳಾಗ್ಲಿ. ನನಗ್ಯಾಕೆ ಹೇಳಲಿಲ್ಲ ಅಕ್ಕ?"

"ಏನಂತ ಹೇಳೋದೋ? ತಮ್ಮನ ಹತ್ರ ಇಂಥದ್ದೆಲ್ಲ ಹೇಳೋಕಾಗುತ್ತಾ?"

"ನಾನು ಹಾಸಿಗೆ ಒದ್ದೆ ಮಾಡ್ಕೊಂಡಾಗ ನಿನಗೆ ಹೇಳ್ತಿರಲಿಲ್ವಾ?"

"ಹೇಳ್ತಿರಲಿಲ್ಲ. ಬೆಕ್ಕು ಮಾಡ್ತು ಅಂತಿದ್ದೆ ನೀನು." ಒಡೆದ ತುಟಿಯಲ್ಲೇ ನಗಲು ಹೋಗಿ ನೋವಿಗೆ ಮುಖ ಕಿವುಚಿದಳು. ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು, "ಆ ನಿಂಬೆಹಣ್ಣಿನವಳು ಏನೇನು ಹೇಳಿದ್ಲೋ, ಅವಳ ಮಾತು ಕಟ್ಕೋಬೇಡ. ಬೀಗ ತೆಗೆಸಬೇಡ. ಪೈಪು ಬರೋವರೆಗೂ ನಾವು ತಡ್ಕೋತೀವಿ. ನೀರು ಎಷ್ಟು ಚೆನ್ನಾಗಾಗಿದೆ ಗೊತ್ತಾ? ಅಮ್ಮ ಇದ್ದಿದ್ರೆ..." ಎಂದಳು. ಮಾತು ಮುಗಿಯುವ ಮೊದಲೇ ಚಳಿ ಮತ್ತೆ ಏರಿ ಹಲ್ಲು ಕಟಕಟ ಎಂದಿತು. ನರ್ಸು ಬಂದು ಅವನನ್ನು ಹೊರಗೆ ಕಳಿಸಿದಳು.

ಮೆಟ್ಟಿಲು ಇಳಿಯುತ್ತಲೇ ಅವನು ನಗರಸಭೆಯ ಎಂಜಿನಿಯರಿಗೆ ಫೋನು ಮಾಡಿದ.

"ಈಗ ತೆಗೆಯೋದಾ ಸಾರ್? ತೆಗೆದ್ರೆ ಎಲ್ಲಾ ಮತ್ತೆ ಹಳ್ಳಕ್ಕೇ ಹೋಗುತ್ತೆ. ಹೊಸ ಲೈನು ಇನ್ನೂ ದೂರ ಇದೆ."

"ಗೊತ್ತು."

"ನಾಳೆ ನಿಮ್ಮ ಹಳ್ಳದ ಫೋಟೋ ಪೇಪರಲ್ಲಿ ಬರುತ್ತಂತೆ. ಒಂದೆರಡು ದಿನ ಬಿಟ್ಟು ತೆಗೆಯೋಣ ಸಾರ್. ಮಾತು ಬದಲಿಸಿದ್ರು ಅಂತ ಜನ ಆಡ್ಕೋತಾರೆ."

"ಆಡ್ಕೊಳ್ಲಿ. ಕೀ ಯಾರ ಹತ್ರ ಇದೆ ಹೇಳಿ."

ಬಿಸಿಲು ಇನ್ನೂ ಇತ್ತು. ಮಾರುಕಟ್ಟೆಯ ಹಿಂದೆ ಕೊಳೆತ ಎಲೆಗಳ ವಾಸನೆ. ಶೌಚಾಲಯದ ಬಾಗಿಲಿಗೆ ಹೊಡೆದ ಹಲಗೆಯ ಮೇಲೆ 'ಹಳ್ಳದ ರಕ್ಷಣೆಗಾಗಿ ಮುಚ್ಚಲಾಗಿದೆ, ಸಹಕಾರಕ್ಕೆ ಧನ್ಯವಾದ' ಎಂದಿತ್ತು. ಪದಗಳನ್ನು ಅವನೇ ಆರಿಸಿ ಬರೆಸಿದ್ದ. ತುಕ್ಕು ಹಿಡಿದ ಬೀಗ ತಿರುಗಲೊಲ್ಲದು. ತಿರುಗಿಸಿ ತಿರುಗಿಸಿ ಬೆರಳು ಕೆಂಪಾಯಿತು. ಆಸ್ಪತ್ರೆಯಿಂದ ಅವನ ಹಿಂದೆಯೇ ಬಂದಿದ್ದ ನಿಂಬೆಹಣ್ಣಿನವಳು ಮಾತಾಡದೆ ಅಡುಗೆ ಎಣ್ಣೆಯ ಸಣ್ಣ ಸೀಸೆ ತಂದು ಕೊಟ್ಟಳು. ಬೀಗ ಬಿಟ್ಟಿತು. ಒಳಗೆ ಜೇಡರ ಬಲೆ, ಧೂಳು. ನಲ್ಲಿ ತಿರುಗಿಸಿದರೆ ಮೊದಲು ಕೆಮ್ಮಿತು, ಕೆಂಪು ನೀರು ಉಗುಳಿತು, ಆಮೇಲೆ ಸರಿಯಾಯಿತು. ಅವನು ಅಂಗಿಯ ತೋಳು ಮಡಚಿ ಪೊರಕೆ ಹಿಡಿದು ಬಲೆ ತೆಗೆದ, ನೆಲದ ಧೂಳು ಗುಡಿಸಿದ. ಹೊರಗೆ ಬಂದು ಬಾಗಿಲು ಪೂರ್ತಿ ತೆರೆದು ಅದರ ಪಕ್ಕದಲ್ಲೇ ನಿಂತ.

ಸೊಪ್ಪಿನವಳು, ಈರುಳ್ಳಿಯವಳು, ಹೂಕೋಸಿನ ಅಜ್ಜಿ ದೂರದಲ್ಲಿ ಗುಂಪಾಗಿ ನಿಂತು ನೋಡುತ್ತಿದ್ದರು. ಯಾರೂ ಹತ್ತಿರ ಬರಲಿಲ್ಲ.

"ಬನ್ನಿ, ತೆಗೆದಿದೆ," ಎಂದು ಕರೆದ.

ಯಾರೂ ಅಲುಗಲಿಲ್ಲ. ಅಜ್ಜಿ ಬೇರೆ ಕಡೆ ಮುಖ ತಿರುಗಿಸಿದಳು.

"ಅಯ್ಯೋ ನಮ್ಮ ಮೆಂಬರೇ," ನಿಂಬೆಹಣ್ಣಿನವಳು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು. "ಬಾಗಿಲಲ್ಲಿ ನೀವು ಹೀಗೆ ಕಾವಲು ನಿಂತ್ರೆ ಯಾರು ಬರ್ತಾರೆ? ಆ ಕಡೆ ಹೋಗಿ. ನಿಮ್ಮಕ್ಕನ ಅಂಗಡೀಲಿ ಕೂತ್ಕೊಳ್ಳಿ, ಹೋಗಿ. ಈ ಕಡೆ ತಿರುಗಿ ನೋಡಬೇಡಿ."

ಅವನು ಹೋಗಿ ಅಕ್ಕನ ಜಾಗದಲ್ಲಿ, ಮಡಚಿ ಹಾಸಿದ ಗೋಣಿಯ ಮೇಲೆ, ಶೌಚಾಲಯಕ್ಕೆ ಬೆನ್ನು ಮಾಡಿ ಕೂತ. ಎದುರಿಗೆ ಬೇಲಿಯ ಆಚೆ ಹಳ್ಳ ಹರಿಯುತ್ತಿತ್ತು. ತರಕಾರಿಗಳು ಬೆಳಗ್ಗೆ ಅವಳು ಜೋಡಿಸಿಟ್ಟ ಹಾಗೇ ಇದ್ದವು, ಬಿಸಿಲಿಗೆ ಬಾಡಿದ್ದವು. ಒಬ್ಬ ಗಿರಾಕಿ ಬಂದು ಬದನೆಕಾಯಿಯನ್ನು ಒತ್ತಿ ನೋಡಿ, "ಹೇಗೆ ಕೊಟ್ರಿ?" ಎಂದ. ಅವನಿಗೆ ಗೊತ್ತಿರಲಿಲ್ಲ. ಗಿರಾಕಿ ಕಾದ.

ಬೆನ್ನ ಹಿಂದೆ ಚಪ್ಪಲಿಗಳ ಸದ್ದಾಯಿತು. ಚಿಲಕ ಬಿತ್ತು. ಇನ್ನೊಂದು ಚಿಲಕ. ಒಳಗೆ ಯಾರೋ ಬಕೆಟ್ಟನ್ನು ನಲ್ಲಿಯ ಕೆಳಗೆ ಎಳೆದರು.

ಬೇಲಿಯ ಆಚೆ, ಶೌಚಾಲಯದ ಪೈಪಿನ ಬಾಯಿಯ ಕೆಳಗೆ, ಒಂದು ಬೆಳ್ಳಕ್ಕಿ ಮಂಡಿಯುದ್ದ ನೀರಿನಲ್ಲಿ ನಿಂತಿತ್ತು. ಪೈಪಿನ ಒಣ ಅಂಚು ಮೆಲ್ಲಗೆ ಒದ್ದೆಯಾಗಿ ಕಪ್ಪಾಯಿತು. ಹಕ್ಕಿ ಒಂದು ಕಾಲೆತ್ತಿ, ತುಸು ಹೊತ್ತು ಹಾಗೇ ಹಿಡಿದು, ಒಂದು ಹೆಜ್ಜೆ ಆಚೆ ಇಟ್ಟು ಮತ್ತೆ ನಿಂತಿತು.