ಮೋಡದ ವಯಸ್ಸು

ನಮ್ಮ ಮೇಲಧಿಕಾರಿಗೆ ನಾವಿಟ್ಟ ಹೆಸರು ಬೇಡಪ್ಪ. ಹೊಸದೇನು ತಂದಿಟ್ಟರೂ ಅವರ ಬಾಯಿಗೆ ಮೊದಲು ಬರುವುದು ಅದೇ ಮಾತು. ಅಂಥವರ ಮುಂದೆ ನನ್ನ ನಾದಿನಿ ತಾನು ಮಾಡಿದ ಕಂಪ್ಯೂಟರ್ ಪರದೆಯನ್ನು ತಂದಿಟ್ಟಿದ್ದಳು.

ವಿಮಾನಗಳಿಗೆ ದಾರಿ ಹೇಳುವುದು ನನ್ನ ಕೆಲಸ. ಎಡಗಡೆ ಪರದೆಯಲ್ಲಿ ವಿಮಾನ, ಬಲಗಡೆ ಪರದೆಯಲ್ಲಿ ಮೋಡ. ಬಲಗಡೆ ಕಂಡ ಮೋಡವನ್ನು ತಲೆಯಲ್ಲಿ ಹೊತ್ತು ತಂದು ಎಡಗಡೆ ಇಳಿಸಬೇಕು. ಹೀಗೆ ತಿರುಗಿಸಿ ತಿರುಗಿಸಿ ನನ್ನ ಕತ್ತು ಹಿಡಿದುಹೋಗಿತ್ತು. ಒಂದು ಸಂಜೆ ಅದಕ್ಕೆ ಬಿಸಿನೀರಿನ ಚೀಲ ಒತ್ತುತ್ತಾ ನಾದಿನಿ, "ಎರಡನ್ನೂ ಒಂದೇ ಕಡೆ ತೋರಿಸಿದ್ರೆ ಏನು ಕಷ್ಟ ಅತ್ತಿಗೆ?" ಅಂದಳು. ಅವಳು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವಳು, ಹಿಡಿದ ಹಟ ಬಿಡುವವಳಲ್ಲ. ವರ್ಷಗಟ್ಟಲೆ ಅದಕ್ಕೇ ಜೋತುಬಿದ್ದಳು.

"ಒಂದು ತಪ್ಪಾದ್ರೂ ಇದು ಗೋದಾಮಿಗೆ," ಎಂದು ಬೇಡಪ್ಪ ಮೊದಲೇ ಹೇಳಿಬಿಟ್ಟಿದ್ದರು.

ಪರೀಕ್ಷೆಯ ಮಧ್ಯಾಹ್ನ ಮೋಡ ಕಟ್ಟಿತು. ಹೊಸ ಪರದೆಯಲ್ಲಿ ಮೋಡಗಳ ನಡುವೆ ಒಳ್ಳೆಯ ಸಂದಿ ಕಂಡಿತು. ಇಳಿಯಲು ಬರುತ್ತಿದ್ದ ವಿಮಾನಕ್ಕೆ ಅದೇ ದಾರಿ ಹೇಳಿದೆ. ಪೈಲಟ್ ಒಪ್ಪಲಿಲ್ಲ.

"ಮುಂದೆ ಬರೀ ಕಪ್ಪು ಮೋಡ ಇದೆ. ಎಡಕ್ಕೆ ತಿರುಗ್ತೀನಿ."

ಬಿಟ್ಟೆ. ಹಿಂದೆ ಬಂದವನೂ ಅಲ್ಲೇ ಅದನ್ನೇ ಕೇಳಿದ.

"ನಾನು ಹೇಳಿರ್ಲಿಲ್ವಾ?" ಎನ್ನುತ್ತಾ ಬೇಡಪ್ಪ ಎದ್ದು ಹೋದರು. ನಾದಿನಿಯ ಮುಖ ಸಣ್ಣಗಾಯಿತು. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಕತ್ತು ತಿರುಗಿಸಿ ಹಳೆಯ ಪರದೆ ನೋಡಿದೆ. ಅಲ್ಲೂ ಅದೇ ಸಂದಿ, ಅದೇ ಜಾಗದಲ್ಲಿ. ಆದರೆ ಮೂಲೆಯಲ್ಲಿ ಆ ಚಿತ್ರ ತೆಗೆದ ಸಮಯವಿತ್ತು.

"ನಿನ್ನ ಪರದೇಲಿ ಸಮಯ ಎಲ್ಲಿ ಹೋಯ್ತೇ?"

"ಅಂದ ಕೆಡುತ್ತೆ ಅಂತ ತೆಗೆದೆ. ಯಾಕೆ?"

ಪರದೆಯಲ್ಲಿ ಕಾಣುವ ವಿಮಾನ ಈಗಿನದು, ಮೋಡ ಆಗಿನದು. ಮೋಡದ ರೇಡಾರ್ ಆಕಾಶವನ್ನೆಲ್ಲ ಸುತ್ತಿ ನೋಡಿ ಮುಗಿಸಲು ಕೆಲವು ನಿಮಿಷ ಬೇಕು; ಅಷ್ಟರಲ್ಲಿ ಗಾಳಿ ಮೋಡವನ್ನು ತಳ್ಳಿರುತ್ತದೆ. ಹಳೆಯ ಪರದೆಯಿಂದ ಮೋಡ ಹೊತ್ತು ತರುವಾಗ ನಾವು ದಾರಿಯಲ್ಲೇ ಅದನ್ನು ಸ್ವಲ್ಪ ಮುಂದಕ್ಕೆ ಸರಿಸಿಬಿಡುತ್ತಿದ್ದೆವು. ಎರಡೂ ಒಂದೇ ಕಡೆ ಕಂಡಾಗ, ಎರಡೂ ಈಗಿನವೇ ಎಂದು ಕಣ್ಣು ಮುಚ್ಚಿ ನಂಬಿದ್ದೆ.

"ಇದನ್ನ ನೀವ್ಯಾರೂ ನಂಗೆ ಹೇಳಲೇ ಇಲ್ವಲ್ಲ ಅತ್ತಿಗೆ."

"ಹಾಗೆ ಸರಿಸ್ತೀವಿ ಅಂತ ನಮಗೇ ಗೊತ್ತಿರ್ಲಿಲ್ಲ ಕಣೇ."

ಅವಳು ಮೂಗು ಒರೆಸಿಕೊಂಡು ಅಲ್ಲೇ ಕುರ್ಚಿ ಎಳೆದು ಕೆಲಸಕ್ಕೆ ಕೂತಳು. ಇನ್ನೊಂದು ಅವಕಾಶ ಕೊಡುವವರೆಗೆ ನಾನು ಬೇಡಪ್ಪನ ಬೆನ್ನು ಬಿಡಲಿಲ್ಲ. ಕಾಟ ತಾಳಲಾರದೆ ಒಪ್ಪಿದರು.

ಮುಂದಿನ ಮಳೆಯ ಹೊತ್ತಿಗೆ ಪ್ರತಿ ಮೋಡದ ಪಕ್ಕದಲ್ಲೂ ಅದರ ವಯಸ್ಸು ಬರೆದಿತ್ತು, ಎಷ್ಟು ನಿಮಿಷದ ಹಿಂದಿನ ಚಿತ್ರವೆಂದು. ಅದು ಈಗ ಎಲ್ಲಿರಬಹುದೆಂದು ತೋರಿಸುವ ಚುಕ್ಕಿಗೆರೆಯೂ ಇತ್ತು. ಈ ಸಲ ಬೇಡಪ್ಪ ತಾವೇ ಕೂತರು. ಚುಕ್ಕಿಗೆರೆಗಳನ್ನು ದಿಟ್ಟಿಸಿ ನೋಡಿ, "ಬಲಕ್ಕೆ ತಿರುಗಿ, ದಾರಿ ತೆರವಿದೆ," ಎಂದರು. ನಾದಿನಿ ನನ್ನ ಕೈ ಹಿಸುಕುತ್ತಿದ್ದಳು.

"ಹೌದು, ಬಿಸಿಲು ಕಾಣ್ತಿದೆ," ಎಂದ ಪೈಲಟ್.

ಬೇಡಪ್ಪ ಬಲಗಡೆಯ ಹಳೆಯ ಪರದೆಯ ಕಡೆ ಕೈ ತೋರಿಸಿದರು.

"ಇದನ್ನ ತೆಗೆಸಿ. ಇನ್ನು ಬೇಡ."