ಶಂಕ್ರೆವ್ವನ ಕೆಂಪು ವಸ್ತ್ರದ ಪುರಾಣ

"ಇನ್ನೊಂಚೂರು ಮಡಚ್ರೆಪಾ, ಮುರಿಯೂದಿಲ್ಲ!" ಎಂದು ಚನ್ನಬಸಯ್ಯ ಕೂಗಿದ.

ನಾಲ್ವರು ಗಂಡಸರು ಅವನ ತಾಯಿ ಶಂಕ್ರೆವ್ವನ ಕಾಲುಗಳನ್ನು ಪದ್ಮಾಸನಕ್ಕೆ ಮಡಚಲು ಹೆಣಗುತ್ತಿದ್ದರು. ನಸುಕಿನಲ್ಲಿ ಜೀವ ಹೋಗಿತ್ತು. ಮೈ ಸೆಟೆಯುವುದರೊಳಗೆ ಕೂಡಿಸಬೇಕು. ಬದುಕಿದ್ದಾಗ ಯಾರ ಮಾತಿಗೂ ಬಗ್ಗದ ಮುದುಕಿ ಈಗಲೂ ಸುಲಭಕ್ಕೆ ಬಗ್ಗುತ್ತಿರಲಿಲ್ಲ. ಸೊಸೆ ಶೈಲಶ್ರೀ ಅತ್ತೆಯ ಬೆನ್ನಿಗೆ ತನ್ನ ಎದೆ ಕೊಟ್ಟು ಕೂತು ಹೆಗಲು ಹಿಡಿದಿದ್ದಳು. ಅಂತೂ ಮೊಣಕಾಲು ಮಣಿದವು. ಎದೆಯ ಸುತ್ತ ಬಿಳಿ ವಸ್ತ್ರ ಬಿಗಿದು ಪಡಸಾಲೆಯ ಗೋಡೆಯ ಗೂಟಕ್ಕೆ ಕಟ್ಟಿದರು. ಹಣೆಗೆ ವಿಭೂತಿ ಬಂತು, ಕೊರಳಿಗೆ ಹಾರ ಬಂತು, ಅಂಗಳಕ್ಕೆ ಭಜನೆಯವರು ಬಂದರು.

ಚನ್ನಬಸಯ್ಯ ಆಗಲೇ ಫೋನು ಹಿಡಿದಿದ್ದ. "ಬ್ಯಾನರ ದೊಡ್ಡದಿರ್ಲಿ. ಮ್ಯಾಲ 'ಪುರಾಣ ಮಾತೆ' ಅಂತ ಹಾಕು. ಕೆಳಗ ನನ್ನ ಫೋಟೋ. ಹಾಂ, ಕೈ ಮುಗದದ್ದು."

ಇಂಡಿ ಪಟ್ಟಣದಲ್ಲಿ ಗೊಬ್ಬರದಂಗಡಿ ಇಟ್ಟು, ಪಂಚಾಯ್ತಿ ಚುನಾವಣೆಯಲ್ಲಿ ಎರಡು ಸಲ ಮಣ್ಣು ಮುಕ್ಕಿದ ಗಂಡನಿಗೆ ಇವತ್ತು ಉಕ್ಕಿದ ಭಕ್ತಿಯನ್ನು ಕಂಡು ಶೈಲಶ್ರೀಗೆ ಮೈ ಉರಿಯಿತು. ಹೋದ ವರ್ಷ ತಾಯಿಯ ಕಣ್ಣಿನ ಪೊರೆ ತೆಗೆಸೋಣವೆಂದರೆ "ಈ ವಯಸ್ಸಿನಾಗ ಆಕಿ ನೋಡೂದೇನೈತಿ" ಎಂದಿದ್ದ ಮಹಾನುಭಾವ ಈತನೇ.

"ಕೇಳ್ರಿ ಎಲ್ಲಾರೂ," ಎಂದ ಅವನು, ಫೋನು ಜೇಬಿಗಿಳಿಸಿ. "ಅವ್ವ ದಿನಾ ಓದೂ ಪುರಾಣ ಐತೆಲ್ಲ, ಅದನ್ನ ಆಕಿ ಮಡಿಲಾಗ ಇಟ್ಟ ಕುಣಿಗೆ ಇಳಸ್ತೇವಿ. ಆಕಿ ಪುಣ್ಯ ಆಕಿ ಸಂಗಾಟ ಹೋಗ್ಲಿ. ಆ ಜಾಗಾದಾಗ ಗದ್ದಿಗಿ ಕಟ್ಟೂದು ನನಗ ಬಿಡ್ರಿ."

ಎಲ್ಲರೂ ಮೂಲೆಯ ಕಡೆ ತಿರುಗಿದರು. ಅಲ್ಲಿ ಮರದ ವ್ಯಾಸಪೀಠದ ಮೇಲೆ, ಕೆಂಪು ವಸ್ತ್ರದಲ್ಲಿ ಸುತ್ತಿದ ಪುಸ್ತಕ. ಜನ ಕೈಮುಗಿದರು. ಪಕ್ಕದ ಮನೆಯ ತಿಪ್ಪವ್ವ ಗಲ್ಲ ಗಲ್ಲ ಬಡಿದುಕೊಂಡಳು.

ಅಲ್ಲಿದ್ದವರಲ್ಲಿ ಶೈಲಶ್ರೀಗೆ ಮಾತ್ರ ನಿಜ ಗೊತ್ತಿತ್ತು. ಆ ಕೆಂಪು ವಸ್ತ್ರದೊಳಗೆ ಇದ್ದದ್ದು ಪುರಾಣವಲ್ಲ, ಊರ ಗ್ರಂಥಾಲಯದ ಕಾದಂಬರಿ. ಅದರ ಕೊನೆಯ ಅಧ್ಯಾಯ ಓದುವುದು ಬಾಕಿ ಇತ್ತು. ಓದಿ ಹೇಳುತ್ತೇನೆಂದು ಅತ್ತೆಗೆ ಅವಳು ಮಾತು ಕೊಟ್ಟಿದ್ದಳು.

*

ಅದು ಜಂಗಮರ ಮನೆ. ಊರ ಜನ ಹೊಸ್ತಿಲಿಗೆ ಹಣೆ ಹಚ್ಚಿ "ಶರಣ್ರಿ ಅಯ್ನಾರ" ಎಂದು ಹೋಗುವ ಮನೆ. ಶೈಲಶ್ರೀ ಮುದ್ದೇಬಿಹಾಳದಿಂದ ಸೊಸೆಯಾಗಿ ಬಂದಾಗ, ಗಂಡ ಸತ್ತ ಶಂಕ್ರೆವ್ವ ಹೊತ್ತು ಹೊತ್ತಿಗೆ ವ್ಯಾಸಪೀಠದ ಮುಂದೆ ಕೂತು ತುಟಿ ಅಲುಗಿಸುತ್ತಿದ್ದಳು. ಲಿಂಗಪೂಜೆ ಆಗದವರು ಆ ಪುಸ್ತಕ ಮುಟ್ಟಕೂಡದೆಂಬುದು ಆಕೆಯ ಕಟ್ಟಪ್ಪಣೆ. ಯಾರಾದರೂ ಒಳಗೆ ಬಂದರೆ ಆಕೆಯ ಓದು ಜೋರಾಗುತ್ತಿತ್ತು, ಬಾಯಿಪಾಠ ಬರುವ ಅವೇ ನಾಲ್ಕು ಸಾಲು. "ನಿಮ್ಮತ್ತಿ ನೋಡಿ ಕಲಿಯವ್ವ, ನಿನಗ ಭಕ್ತಿ ಭಾಳ ಕಡಿಮಿ" ಎಂದು ತಿಪ್ಪವ್ವ ಎದುರಾದಾಗಲೆಲ್ಲ ಚುಚ್ಚುತ್ತಿದ್ದಳು.

ಒಂದು ದಿನ ಇಲಿಯೊಂದು ವ್ಯಾಸಪೀಠವನ್ನು ಕೆಡವಿತು. ಶೈಲಶ್ರೀ ಎತ್ತಿಡಲು ಹೋದರೆ ವಸ್ತ್ರ ಬಿಚ್ಚಿಕೊಂಡಿತು. ಮುಖಪುಟದಲ್ಲಿ ಕೂದಲು ಹರವಿಕೊಂಡ ಹೆಂಗಸು, ಅವಳ ಹಿಂದೆ ಚೂರಿ ಹಿಡಿದ ಕೈ.

"ಅತ್ತಿ, ಇದೇನ್ರಿ?"

"ಪುರಾಣ."

"ಯಾವ ಪುರಾಣದಾಗ ಹಿಂಗ ಸೆರಗು ಜಾರಿರ್ತೈತ್ರಿ?"

ಶಂಕ್ರೆವ್ವ ಕದ ಮುಂದೆ ಮಾಡಿ ಬಂದು ಕೂತಳು. ಮುಖದಲ್ಲಿ ನಾಚಿಕೆಯ ಸುಳಿವಿಲ್ಲ. "ಖರೇ ಪುರಾಣ ಗೆದ್ದಲ ತಿಂದು ಯಾವ ಕಾಲಾತು. ನಾ ಅದನ್ನೂ ಓದೀನಿ ಬಿಡು. ಅದರಾಗ ಕಡೀಕ ಎಲ್ಲಾರೂ ಕೈಲಾಸಕ್ಕ ಹೋಗ್ತಾರ. ನಾ ಕಂಡ ಮಂದ್ಯಾಗ ಒಬ್ಬರೂ ಕೈಲಾಸಕ್ಕ ಹೋಗೂ ಪೈಕಿ ಇಲ್ಲ. ಇವ್ರ ಕತಿ ಯಾವದ್ರಾಗ ಐತಿ ಅಂತ ಹುಡಕಾಕತ್ತೇನಿ."

"ಸಿಕ್ತೇನ್ರಿ?"

"ನಿಮ್ಮ ಮಾವಂದು ಸಿಕ್ಕೈತಿ. ಒಂದು ಜೈಲಿನ ಪುಸ್ತಕದಾಗ."

ಶೈಲಶ್ರೀ ಸೆರಗು ಬಾಯಿಗೆ ಒತ್ತಿ ನಕ್ಕಳು. ಆ ಮನೆಗೆ ಬಂದ ಮೇಲೆ ಅವಳು ಮನಸಾರೆ ನಕ್ಕದ್ದು ಅದೇ ಮೊದಲು.

ಪುಸ್ತಕ ತರುತ್ತಿದ್ದವನು ಗ್ರಂಥಾಲಯ ನೋಡಿಕೊಳ್ಳುವ ಬಂದಗಿಸಾಬ. ಅವನ ಹಿತ್ತಲಲ್ಲಿ ಬದನೆ ಬೆಳೆಯುತ್ತಿತ್ತು. ಚೀಲದ ಮೇಲ್ಗಡೆ ಬದನೆಕಾಯಿ, ತಳದಲ್ಲಿ ಪುಸ್ತಕ. ಇಂಥದ್ದೇ ಎಂಬ ನೇಮವಿರಲಿಲ್ಲ. ಒಂದು ವಾರ ಓಡಿಹೋದ ಪ್ರೇಮಿಗಳು, ಮುಂದಿನ ವಾರ ಪ್ಲೇಗು ಬಿದ್ದ ಕಾಲದ ಚರಿತ್ರೆ. ನೇಣು ಹಾಕುವವನ ನೆನಪುಗಳು ಬಂದವು, ಹಾವಿನ ವಿಷದ ಬಗ್ಗೆ ಬಂತು, ಕುರುಡರಿಬ್ಬರ ಸಂಸಾರದ ಕತೆ ಬಂತು, ನಕ್ಷತ್ರಗಳು ಹೇಗೆ ಸಾಯುತ್ತವೆಂದು ಒಬ್ಬ ವಿಜ್ಞಾನಿ ಬರೆದದ್ದೂ ಬಂತು. ಪ್ರೀತಿ ಮತ್ತು ಕತ್ತಲು ಇದ್ದರೆ ಸಾಕು, ಶಂಕ್ರೆವ್ವ ಬಿಡುತ್ತಿರಲಿಲ್ಲ. ಓದಿ ಮುಗಿಸಿ ತೀರ್ಪು ಕೊಡುತ್ತಿದ್ದಳು. ವಿರಹದ ಕಾದಂಬರಿಯ ನಾಯಕನಿಗೆ, "ಪುಟಗಟ್ಟಲೆ ಅಳತಾನ, ಒಂದಿನಾನೂ ಒಲಿ ಊದಿಲ್ಲ ಭಾಡ್ಯಾ." ನಕ್ಷತ್ರದ ಪುಸ್ತಕ ಮುಗಿದ ದಿನ, "ಸೂರ್ಯನೂ ಒಂದಿನಾ ಆರಿ ಹೋಗ್ತಾನಂತ. ನಿನ್ನ ಗಂಡಗ ಮತ್ತ್ಯಾಕ ಪಂಚಾಯ್ತಿ ಖುರ್ಚೀದು ಇಷ್ಟು ಚಿಂತಿ?"

ಕಣ್ಣು ಮಬ್ಬಾದ ಮೇಲೆ ಸೊಸೆಯೇ ಓದಿ ಹೇಳತೊಡಗಿದಳು. ಬೀದಿಗೆ ಅನುಮಾನ ಬಾರದಂತೆ ಕೊಲೆಯನ್ನೂ ಮುತ್ತನ್ನೂ ಪುರಾಣದ ಧಾಟಿಯಲ್ಲೇ ಎಳೆದು ಓದುವುದನ್ನು ಅತ್ತೆಯೇ ಕಲಿಸಿದಳು.

*

ಹನ್ನೊಂದರ ಹೊತ್ತಿಗೆ ಸಿಂದಗಿ ಕಡೆಯಿಂದ ಸ್ವಾಮಿಗಳ ಕಾರು ಬಂತು. ಚನ್ನಬಸಯ್ಯ ಅಂಗಳದಲ್ಲೇ ಅಡ್ಡಬಿದ್ದ, ಫೋಟೋ ಸರಿಯಾಗಿ ಬಂತೋ ಇಲ್ಲವೋ ಎಂದು ಬಿದ್ದಲ್ಲಿಂದಲೇ ಹೊರಳಿ ನೋಡಿದ.

ಪಡಸಾಲೆಯಲ್ಲಿ ಮಾತು ಜೋರಾಗಿತ್ತು.

"ನನಗ ಅವ್ವಾರು ಕನಸಿನಾಗ ಬಂದಿದ್ರು ನೋಡ್ರಿ," ಎಂದಳು ತಿಪ್ಪವ್ವ. "ಕೈಯಾಗ ಅದೇ ಪುರಾಣ."

"ಶರಣರ ಸಾವು ಹಿಂಗ ಇರ್ತೈತಿ," ಎಂದ ಗುರುನಾಥ ಮಾಸ್ತರ. ನಿವೃತ್ತನಾದ ಮೇಲೆ ಊರಿನ ಯಾವ ಸಾವನ್ನೂ ಮೈಕಿಲ್ಲದೆ ಕಳಿಸಿಕೊಟ್ಟವನಲ್ಲ. "ಹೋದ ಶ್ರಾವಣದಾಗ ಇವ್ರ ಸಂಗಾಟ ಒಂದು ತಾಸು ಪುರಾಣದ ಚರ್ಚಾ ಮಾಡೇನಿ. ಏನು ಜ್ಞಾನ!"

ಆ ಒಂದು ತಾಸು ಅತ್ತೆ ತೂಕಡಿಸಿದ್ದು, ಮಾಸ್ತರ ಹೋದ ಮೇಲೆ "ಈತನ ಬಾಯಿಗಿಂತ ಹಾವಿನ ವಿಷ ಪಾಡು, ಲಗೂನ ಮುಗಸ್ತೈತಿ" ಎಂದದ್ದು ಶೈಲಶ್ರೀಗೆ ನೆನಪಾಯಿತು. ಇವರಲ್ಲಿ ಒಬ್ಬರಿಗೂ ಗೂಟಕ್ಕೆ ಕಟ್ಟಿಸಿಕೊಂಡು ಕೂತವಳು ಯಾರೆಂದು ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಯೋಗ್ಯತೆಯೂ ಇಲ್ಲ ಎಂದುಕೊಂಡಳು.

ಬಂದಗಿಸಾಬ ಹಿತ್ತಲ ಬಾಗಿಲಿಂದ ಬಂದ. ಹೆಗಲಿಗೆ ಅದೇ ಚೀಲ, ಅದರ ಬಾಯಲ್ಲಿ ಇಣುಕುವ ಬದನೆಕಾಯಿ. ಶೈಲಶ್ರೀಯನ್ನು ಕಂಡದ್ದೇ ಹತ್ತಿರ ಬಂದ.

"ಅಕ್ಕಾರ, ಅವ್ವಾರು ಹೋದ್ರಂತ..."

"ಹೋದ್ರು ಬಂದಗಿಸಾಬ. ಪುಸ್ತಕಾನೂ ಕುಣಿಗೆ ಹಾಕ್ತಾರಂತ."

"ಕಡೀ ಅಧ್ಯಾಯ ಆಗಿತ್ತೇನ್ರಿ?"

"ಇಲ್ಲ. ಏನಾಗ್ತೈತಿ ಅದರಾಗ? ನೀವು ಓದೀರಲ್ಲ, ಹೇಳ್ರಿ."

"ಹೇಳಾಂಗಿಲ್ರಿ. ಹೇಳಿದ್ರ ಬದನೀಕಾಯಿ ತಗೊಳ್ಳಾಂಗಿಲ್ಲ ಅಂದಿದ್ರು ಅವ್ವಾರು." ಅವನು ಕಣ್ಣೊರೆಸಿಕೊಂಡ.

*

ನಿನ್ನೆ ಸಂಜೆಯ ಮಾತು. ಕಾದಂಬರಿ ಒಂದು ಗಣಿಯ ಊರಿನದು. ಗಣಿ ಕುಸಿದು ಒಬ್ಬ ಹೆಂಗಸಿನ ಗಂಡ ಒಳಗೆ ಸಿಕ್ಕಿಬೀಳುತ್ತಾನೆ. ಗಂಡಸರೆಲ್ಲ ಕೈಚೆಲ್ಲಿದಾಗ ಅವಳೇ ದೀಪ ಹಿಡಿದು ಇಳಿಯುತ್ತಾಳೆ. ಅವನು ಸಿಗುತ್ತಾನೆ, ಆದರೆ ಜೀವವಿಲ್ಲ. ದೀಪದ ಎಣ್ಣೆ ತೀರುತ್ತಾ ಬಂದಿದೆ. ಶೈಲಶ್ರೀ ಅಲ್ಲಿಗೆ ನಿಲ್ಲಿಸಿದಳು.

"ಇನ್ನ ಆಕಿ ಮ್ಯಾಲ ಬರೂದಿಲ್ಲ ಬಿಡ್ರಿ ಅತ್ತಿ. ಅಷ್ಟು ಪ್ರೀತಿ ಇದ್ದಾಕಿ ಹೆಂಗ ಬಿಟ್ಟ ಬರ್ತಾಳ?"

"ಬರ್ತಾಳ," ಎಂದಳು ಶಂಕ್ರೆವ್ವ. "ಪ್ರೀತಿ ಇದ್ದಾಕೀನ ಬರ್ತಾಳ. ನಾಟಕ ಮಾಡಾಕಿ ಅಲ್ಲೇ ಕೂಡ್ತಾಳ."

"ಓದ್ಲೇನ್ರಿ ಮತ್ತ?"

"ಬ್ಯಾಡ, ನಾಳಿ ಓದೂಣು. ನಾಳಿಗೆ ಏನರ ಬೇಕಲ್ಲ." ಮುದುಕಿ ಪುಟದ ನಡುವೆ ಒಣಗಿದ ಬಿಲ್ವದೆಲೆ ಇಟ್ಟಳು. "ನೀ ಒಬ್ಬಾಕೀನ ಕದ್ದು ಓದೀ ಮತ್ತ! ನಾ ಸತ್ತರೂ ನನ್ನ ಮುಂದ ಕೂತು ಓದಬೇಕು. ಆತೇನು?"

"ಆತ್ರಿ," ಎಂದಿದ್ದಳು ಶೈಲಶ್ರೀ ನಗುತ್ತ. ನಸುಕಿನಲ್ಲಿ ಸ್ನಾನ, ಪೂಜೆ ಮುಗಿಸಿ ಚಹಾ ಒಯ್ದಾಗ ಅತ್ತೆ ಎದ್ದಿರಲಿಲ್ಲ.

*

ಸ್ವಾಮಿಗಳು ಆಶೀರ್ವಚನ ಮುಗಿಸಿ, ಬೆವರೊರೆಸಿಕೊಂಡು, "ಆ ತಾಯಿಯ ಗ್ರಂಥದಿಂದಲೇ ಯಾರಾದರೂ ನಾಲ್ಕು ನುಡಿ ಓದಿರಿ" ಎಂದರು.

ಗುರುನಾಥ ಮಾಸ್ತರ ಕಾಯುತ್ತಲೇ ಇದ್ದ. ಮೈಕು ಎಳೆದುಕೊಂಡು ವ್ಯಾಸಪೀಠಕ್ಕೆ ಕೈಚಾಚಿದ.

"ಮಾಸ್ತರ, ಕೈ ಹಿಂದಕ್ಕ ತಗೀರಿ!"

ಭಜನೆಯ ತಾಳ ನಿಂತಿತು. ಆ ಮನೆಯಲ್ಲಿ ಶೈಲಶ್ರೀಯ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ಯಾರೂ ಕೇಳಿರಲಿಲ್ಲ.

"ಇವತ್ತ ನಿಮ್ಮ ಲಿಂಗಪೂಜಿ ಆಗೇತೇನ್ರಿ?"

ಮಾಸ್ತರ ಬಾಯಿ ತೆರೆದ. ಎಲೆಅಡಿಕೆಯ ಕೆಂಪು ರಸ ಉತ್ತರ ಹೇಳಿತು.

"ಪೂಜಿ ಆಗದವ್ರು ಅದನ್ನ ಮುಟ್ಟಬಾರ್ದು. ಅತ್ತೀದು ಮಾತು. ನನ್ನ ಪೂಜಿ ಆಗೇತಿ, ನಾ ಓದ್ತೇನಿ."

"ಖರೇ ಐತಿ, ಖರೇ ಐತಿ," ಎಂದು ಚನ್ನಬಸಯ್ಯ ತಾನೇ ಮೈಕು ತಂದು ಹೆಂಡತಿಯ ಬಾಯಿಗೆ ಹಿಡಿದ. ಅವನ ಕಣ್ಣಿಗೆ ಆಗಲೇ ಇನ್ನೊಂದು ಬ್ಯಾನರ್ ಕಾಣುತ್ತಿತ್ತು.

ಅವಳು ಅತ್ತೆಗೆ ಮುಖ ಮಾಡಿ, ಜನಕ್ಕೆ ಬೆನ್ನು ಕೊಟ್ಟು ಕೂತಳು. ವಸ್ತ್ರ ಬಿಚ್ಚಿದಳು, ಆದರೆ ಮುಖಪುಟ ಯಾರಿಗೂ ಕಾಣದಂತೆ ಪುಸ್ತಕವನ್ನು ಆ ವಸ್ತ್ರದ ಮೇಲೇ ಇಟ್ಟು ಹಿಡಿದಳು. ಬಿಲ್ವದೆಲೆ ಇದ್ದ ಪುಟ ತಾನಾಗಿ ತೆರೆಯಿತು. ಒಂದು ಸಾಲು ಯಾರ ಕಿವಿಗಾದರೂ ಸರಿಯಾಗಿ ಬಿದ್ದರೆ ಅತ್ತೆಯ ಮಾನ ಸ್ವಾಮಿಗಳ ಮುಂದೆ, ಊರ ಮುಂದೆ ಮೂರಾಬಟ್ಟೆ. ಆದರೂ ಕೊಟ್ಟ ಮಾತು ದೊಡ್ಡದಿತ್ತು. ಪುರಾಣದ ಧಾಟಿ ಎತ್ತಿದಳು.

ಕತ್ತಲು, ದೀಪ, ಮಣ್ಣು, ಕಾಯ. ಆ ಅಧ್ಯಾಯದಲ್ಲಿ ಇದ್ದದ್ದೇ ಆ ಮಾತುಗಳು. ಎರಡನೆಯ ಸಾಲಿಗೆ ಹಾರ್ಮೋನಿಯಂ ಶ್ರುತಿ ಕೂಡಿಸಿತು, ನಾಲ್ಕನೆಯದಕ್ಕೆ ತಾಳ ಬಿತ್ತು. ಹೆಂಗಸು ಗಂಡನ ಹಣೆಗೆ ಮುತ್ತಿಟ್ಟು, ಅವನಿಗೆ ಹೊದಿಸಿದ್ದ ತನ್ನ ಶಾಲನ್ನು ವಾಪಸು ತೆಗೆದುಕೊಂಡಳು, ಮೇಲೆ ಚಳಿ ಇದೆಯೆಂದು.

"ಏನು ವೈರಾಗ್ಯ!" ಎಂದು ತಿಪ್ಪವ್ವ ಬಿಕ್ಕಿದಳು.

"ಗೂಢಾರ್ಥ ಐತಿ," ಎಂದ ಗುರುನಾಥ ಮಾಸ್ತರ, ಎಲೆಅಡಿಕೆ ನುಂಗಿ. ಸ್ವಾಮಿಗಳು ಕಣ್ಣು ಮುಚ್ಚಿ ತಲೆದೂಗಿದರು. ಶೈಲಶ್ರೀಗೆ ಹೆದರಿಕೆ ಹೋಗಿ ಅಸಹ್ಯ ಬಂತು, ಅಸಹ್ಯ ಹೋಗಿ ನಗು ಬಂತು. ಕುಣಿ ಎಷ್ಟು ಆಳ ತೋಡಿದರೂ ಈ ಮಂದಿಯ ಕಿವಿಗಿಂತ ಗಟ್ಟಿ ಕಲ್ಲು ಸಿಗಲಿಕ್ಕಿಲ್ಲ. ಇನ್ನು ಅವಳು ಅವರಿಗಾಗಿ ಓದಲಿಲ್ಲ, ಎದುರಿಗೆ ಕೂತವಳಿಗಾಗಿ ಓದಿದಳು.

ದೀಪ ಆರಿತು. ಹೆಂಗಸು ಗೋಡೆ ತಡಕಿ ಏರತೊಡಗಿದಳು. ಪುಟ ಹೊರಳಿತು, ಮತ್ತೆ ಹೊರಳಿತು, ಅವಳು ಏರುತ್ತಲೇ ಇದ್ದಳು. ಕೊನೆಯ ಪುಟದಲ್ಲಿ ಮೇಲೆ ಬಂದಳು. ಮುಖವೆಲ್ಲ ಕಪ್ಪು. ದೆವ್ವವೆಂದು ಜನ ಓಡಿದರು. ಅವಳು ಬಿಸಿಲಲ್ಲಿ ಕೂತು, ನನಗೆ ಹಸಿವಾಗಿದೆ, ಯಾರಾದರೂ ಊಟ ಕೊಡಿ ಎಂದಳು.

ಅಲ್ಲಿ ಶೈಲಶ್ರೀಯ ದನಿ ಒಡೆಯಿತು. ಅತ್ತೆ ಗೆದ್ದಿದ್ದಳು, ಗೆದ್ದೆನೆಂದು ತೊಡೆ ತಟ್ಟಿ ನಗಲು ಆಕೆ ಇರಲಿಲ್ಲ. ಬೆಳಗಿನಿಂದ ಬಾರದ ಅಳು ಒಮ್ಮೆಲೇ ನುಗ್ಗಿ ಬಂತು. ಅವಳು ಮೈಕನ್ನು ಆಚೆ ನೂಕಿ ಅತ್ತಳು. ಜನ ಅದನ್ನೂ ಭಕ್ತಿಯೆಂದು ತಿಳಿದು "ಹರಹರ ಮಹಾದೇವ" ಎಂದರು.

ಬಿಲ್ವದೆಲೆಯನ್ನು ಕೊನೆಯ ಪುಟಕ್ಕೆ ಸರಿಸಿ, ವಸ್ತ್ರವನ್ನು ಬಿಗಿಯಾಗಿ ಕಟ್ಟಿ, ಅವಳು ತಾನೇ ಅದನ್ನು ಅತ್ತೆಯ ಮಡಿಲಲ್ಲಿಟ್ಟಳು.

*

ಹೊಲದ ಕುಣಿಯಲ್ಲಿ ಶಂಕ್ರೆವ್ವ ಎಡ ಅಂಗೈಯಲ್ಲಿ ಇಷ್ಟಲಿಂಗ, ಮಡಿಲಲ್ಲಿ ಕೆಂಪು ಗಂಟು ಇಟ್ಟುಕೊಂಡು ಕೂತಳು. ವಿಭೂತಿ ಬಿತ್ತು, ಪತ್ರಿ ಬಿತ್ತು. ಮಣ್ಣು ಹಾಕಲು ಜನ ಮುಗಿಬಿದ್ದರು. ಬಂದಗಿಸಾಬ ಎಲ್ಲರಿಗೂ ಜಾಗ ಬಿಟ್ಟು ಕೊನೆಗೆ ಬಂದ.

"ನಿಮ್ಮ ಪುಸ್ತಕ ಹೋತಲ್ಲ," ಎಂದಳು ಶೈಲಶ್ರೀ ಮೆಲ್ಲಗೆ.

"ಹೋಗ್ಲಿ ಬಿಡ್ರಿ ಅಕ್ಕಾರ. ಈ ಊರಾಗ ಅದನ್ನ ಬ್ಯಾರೆ ಯಾರೂ ಕೇಳಾಂಗಿಲ್ಲ." ಒಂದು ಹಿಡಿ ಮಣ್ಣು ಹಾಕಿ ಕೇಳಿದ, "ಅವ್ವಾರು ಏನಂದಿದ್ರು, ಬರ್ತಾಳಂತೋ ಇಲ್ಲಂತೋ?"

"ಬರ್ತಾಳ ಅಂದಿದ್ರು."

ಬಂದಗಿಸಾಬ ಫಕ್ಕನೆ ನಕ್ಕು, ಹೆಗಲ ಟವೆಲು ಬಾಯಿಗೆ ಒತ್ತಿಕೊಂಡ. ದೂರದಿಂದ ನೋಡಿದವರಿಗೆ ಸಾಬ ಬಹಳ ಅಳುತ್ತಿದ್ದಾನೆ ಎನಿಸಿತು.

ಮನೆಗೆ ಬಂದು ಎಲ್ಲರೂ ಮೈ ತೊಳೆದುಕೊಂಡರು. ಅತ್ತೆ ಕೂತಿದ್ದ ಜಾಗದಲ್ಲಿ ದೀಪ ಹಚ್ಚಿದ್ದರು. ನೆರೆಯವರು ರೊಟ್ಟಿ, ಝುಣಕ ತಂದಿಟ್ಟಿದ್ದರು. ಚನ್ನಬಸಯ್ಯ ಎರಡು ರೊಟ್ಟಿ ಮುಗಿಸಿ ಮೀಸೆ ಒರೆಸಿಕೊಂಡ.

"ಇನ್ನ ಅವ್ವನ ಜಾಗಾದಾಗ ನೀನ ಕೂಡ್ಬೇಕು. ಏನು ಓದಿದಿ ಇವತ್ತ! ಸ್ವಾಮಿಗಳು ಭಾಳ ಹೊಗಳಿದ್ರು. ನಾಳಿ ಹೊಸಾ ಪುರಾಣ ತರಸ್ತೇನಿ."

"ಪುರಾಣ ತರಸಬ್ಯಾಡ್ರಿ," ಎಂದಳು ಶೈಲಶ್ರೀ. "ಕೆಂಪು ಅರಿವಿ ತರ್ರಿ, ಸಾಕು."

"ಆ ಸಾಬಗ ಒಂದೀಟರೆ ಬುದ್ಧಿ ಐತೇನು ನೋಡು," ಎಂದಳು ತಿಪ್ಪವ್ವ ಗೋಡೆಯತ್ತ ಬೆರಳು ಮಾಡಿ. "ಹೆಣ ಹೋದ ಮನಿಗೆ ಬದನೀಕಾಯಿ ತಂದಾನ!"

ಅತ್ತೆಯನ್ನು ಕಟ್ಟಿದ್ದ ಗೂಟಕ್ಕೆ ಬಂದಗಿಸಾಬನ ಚೀಲ ತೂಗುತ್ತಿತ್ತು. ಶೈಲಶ್ರೀ ಎದ್ದು ಹೋಗಿ ಅದನ್ನು ಒಂದು ಕೈಯಿಂದ ಇಳಿಸಲು ನೋಡಿದಳು. ಆಗಲಿಲ್ಲ. ತಳಕ್ಕೆ ಇನ್ನೊಂದು ಕೈ ಕೊಟ್ಟು, ಎದೆಗೊತ್ತಿ ಹಿಡಿದು ಒಳಗೆ ನಡೆದಳು.