ಗೇಟಿನಾಚೆ ನಿಂತವನು

"ಹೆತ್ತ ತಾಯಿ ಸತ್ತಾಗ ಗೇಟಿನಾಚೆ ನಿಂತು ಇಣುಕಿ ಹೋದ ದೊಡ್ಡ ಮನುಷ್ಯ! ಅಂಥವನಿಗೆ ನಾನ್ಯಾಕೆ ಹೆಗಲು ಕೊಡಲಿ?"

ಚಿಕ್ಕಪ್ಪ ಹಿಡಿ ಬಿಟ್ಟೇಬಿಟ್ಟ. ಆಗಷ್ಟೇ ಎತ್ತಿದ್ದ ಶವಪೆಟ್ಟಿಗೆ ಒಂದು ಮೂಲೆಗೆ ವಾಲಿತು. ಸತ್ತವನ ಮಗ, ವೆಲ್ಡರ್, ಮೊಣಕಾಲು ಕೊಟ್ಟು ತಡೆದ. ಬಸ್ ಡಿಪೋದಿಂದ ಬಂದಿದ್ದ ಇಬ್ಬರೂ ಸೇರಿ ಅದನ್ನು ಮತ್ತೆ ಬೆಂಚಿನ ಮೇಲಿಳಿಸಿದರು. ಅಂಗಳದ ತುಂಬ ಜನ.

"ಹೋಗ್ಲಿ ಬಿಡಪ್ಪ, ಸತ್ತೋರ ಮುಂದೆ ಇದೆಲ್ಲಾ ಯಾಕೆ," ಅಂದ ಡಿಪೋದ ಮೇಸ್ತ್ರಿ.

"ಯಾಕೆ ಬಿಡಲಿ? ಸೋಪಣ್ಣ ಅಂತ ಊರೇ ಕರೀತಿತ್ತು ಇವನನ್ನ. ಕೈ ಕುಲುಕಿದರೆ ಓಡಿಹೋಗಿ ತೊಳೀತಿದ್ದ. ಒಳ್ಳೇ ಕಂಡಕ್ಟರ್ ಆಗಿದ್ದವನು, ಜನರ ಗಾಳಿ ಸೋಕಬಾರದು ಅಂತ ತಾನಾಗೇ ಕೇಳ್ಕೊಂಡು ಬಸ್ಸು ತೊಳೆಯೋನಾದ. ಕೊಬ್ಬು ಅಂದ್ರೆ ಅದು! ಏನೋ, ನಿಮ್ಮಪ್ಪ ನಮ್ಮಮ್ಮನ್ನ ಯಾಕೆ ಮುಟ್ಟಲಿಲ್ಲ? ಬಾಯಿ ಬಿಡು."

ಉತ್ತರ ಮಗನ ನಾಲಿಗೆ ತುದಿಯಲ್ಲೇ ಇತ್ತು. ಬಾಗಿಲಿಗೆ ಒರಗಿ ಕೂತಿದ್ದ ಅಮ್ಮ ತಲೆ ತಗ್ಗಿಸಿದಳು.

*

ಮಗ ಚಿಕ್ಕವನಿದ್ದಾಗ ಅವನ ಮೊದಲ ತಂಗಿ ಏಳು ತಿಂಗಳಿಗೇ, ಬರೀ ನೆಗಡಿ ಅಂತ ಶುರುವಾಗಿದ್ದಕ್ಕೆ, ಹೋಗಿಬಿಟ್ಟಳು. ಎರಡನೆಯವಳು ಹುಟ್ಟಿದಾಗ ಡಾಕ್ಟರಮ್ಮ ಕಾರಣ ಹುಡುಕಿ ಹೇಳಿದರು: "ಎದೆಮೂಳೆ ಹಿಂದೆ ಒಂದು ಪುಟ್ಟ ಗ್ರಂಥಿ ಇರಬೇಕು. ರೋಗದ ಜತೆ ಹೊಡೆದಾಡೋ ಕಣಗಳಿಗೆ ಅದೇ ಶಾಲೆ. ಈ ಮಗುವಿಗೆ ಆ ಶಾಲೆಯೇ ಇಲ್ಲ. ಅಪ್ಪನದರ್ಧ, ಅಮ್ಮನದರ್ಧ ಸೇರಿ ಬರೋ ಕಾಯಿಲೆ."

ಅಪ್ಪ ಮರುದಿನವೇ ಹಿತ್ತಲಿಗೆ ನಲ್ಲಿ ಹಾಕಿಸಿದ. ಮನೆಯವರು ಯಾರೇ ಆಗಲಿ, ಒಳಗೆ ಬರುವ ಮುನ್ನ ಹೊರಗಿನ ಬಟ್ಟೆ ಕಳಚಿ, ಮೊಣಕೈವರೆಗೆ ಸೋಪು ಹಚ್ಚಿ, ತನ್ನ ಹಳೇ ರೂಟಿನ ಸ್ಟಾಪುಗಳನ್ನೆಲ್ಲ ಹೇಳಿ ಮುಗಿಸುವವರೆಗೂ ಉಜ್ಜಬೇಕು. ಡಿಪೋ, ಹಳೇ ಸೇತುವೆ, ಗಡಿಯಾರ ಕಂಬ, ಆಸ್ಪತ್ರೆ, ಮಿಲ್ಲು... ಒಂದು ಹಾರಿಸಿದರೆ ಮತ್ತೆ ಮೊದಲಿಂದ. "ನನ್ ಬಸ್ಸು ಎಕ್ಸ್‌ಪ್ರೆಸ್ ಅಲ್ಲ ಮಗನೇ!"

ಶಾಲೆಯಲ್ಲಿ ದಡಾರ ಹಬ್ಬಿದ ವಾರ ಮಗ ಚೀಲ ಮೂಲೆಗೆಸೆದ. "ಅವಳಿಗೇ ಶಾಲೆ ಇಲ್ವಂತೆ, ನಂಗ್ಯಾಕೆ?" ಅಪ್ಪ ಬೈಯಲಿಲ್ಲ, ಮುಖ ಆಚೆ ತಿರುಗಿಸಿದ. ಹುಡುಗ ಮತ್ತೆ ಹೋಗಲೇ ಇಲ್ಲ.

ಅಜ್ಜಿ ತೀರಿಕೊಂಡಾಗ ಚಿಕ್ಕಪ್ಪನ ಮನೆ ತುಂಬ ಜ್ವರ, ಕೆಮ್ಮು. ದೂರದ ಆಸ್ಪತ್ರೆಯಲ್ಲಿ ಬೇರೊಂದು ಮಗುವಿನ ಗ್ರಂಥಿಯ ಚೂರನ್ನು ತಂಗಿಯ ತೊಡೆಯಲ್ಲಿ ನೆಟ್ಟು ಮೂರೇ ತಿಂಗಳಾಗಿತ್ತು. ಹಿಡಿಯುತ್ತದೋ ಇಲ್ಲವೋ ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲ. ಅಪ್ಪ ಗೇಟಿನ ಸರಳು ಹಿಡಿದು ಹೊರಗೇ ನಿಂತ.

"ಹೇಳಿಬಿಡಪ್ಪ ಅವರಿಗೆ," ಅಂದ ಮಗ.

"ಹೇಳಿದ್ರೆ ಅರ್ಧ ನಂದು ಅನ್ನೋದನ್ನ ಯಾರೂ ಕಿವಿಗೆ ಹಾಕ್ಕೊಳಲ್ಲ. ಪೂರ್ತಿ ನಿಮ್ಮಮ್ಮನ ತಲೆಗೇ ಕಟ್ತಾರೆ. ನಾನು ಸೋಪಣ್ಣನಾಗೇ ಇರ್ತೀನಿ. ನೀನೂ ಬಾಯಿ ಬಿಡಬೇಡ."

*

"ಉತ್ತರ ಇದ್ರೆ ತಾನೇ ಕೊಡೋದು!" ಚಿಕ್ಕಪ್ಪ ಸುತ್ತ ನೋಡಿ ನಕ್ಕ.

ಹಿತ್ತಲಲ್ಲಿ ನಲ್ಲಿ ನಿಂತ ಸದ್ದಾಯಿತು. ತಂಗಿ ಬಂದಳು. ನೆಟ್ಟ ಚೂರು ಹಿಡಿದಿತ್ತು, ಈಗವಳಿಗೆ ಹದಿನೇಳು. ಮೂಗು ಬಾಯಿಗೆ ಬಟ್ಟೆಯಿಲ್ಲ. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಮ್ಮುತ್ತ ಅಡ್ಡ ನಿಂತಿದ್ದ ಮುದುಕನೊಬ್ಬನ ಹೆಗಲು ಹಿಡಿದು, "ಸ್ವಲ್ಪ ಜಾಗ ಬಿಡಿ ತಾತ," ಅಂತ ಸರಿಸಿ ಬಂದು, ಚಿಕ್ಕಪ್ಪ ಬಿಟ್ಟ ಹಿಡಿಯನ್ನು ಹಿಡಿದಳು.

"ಎತ್ತಣ್ಣ. ಅಪ್ಪನ್ನ ಕರ್ಕೊಂಡು ಹೋಗೋಣ."

ಮಗ ಅವಳನ್ನೇ ನೋಡಿದ. ಅಪ್ಪ ತೊಳೆದ ಬಸ್ಸುಗಳು ಮರುದಿನಕ್ಕೇ ಕೊಳೆಯಾಗುತ್ತಿದ್ದವು. ಇವಳು ನಿಂತಿದ್ದಳು, ಎರಡು ಕಾಲ ಮೇಲೆ, ಗಟ್ಟಿಯಾಗಿ.

ನಾಲ್ವರೂ ಎತ್ತಿದರು.

"ಏಯ್, ಕೇಳಿದ್ದಕ್ಕೆ ಉತ್ತರ ಕೊಟ್ಟು ಹೋಗೋ!"

ಮಗ ತಿರುಗಲಿಲ್ಲ. ಎದೆ ಸೆಟೆಸಿ ಚಿಕ್ಕಪ್ಪನ ಪಕ್ಕದಲ್ಲೇ ಹಾದು ನಡೆದ. ಗೇಟು ದಾಟುವಾಗ ಪೆಟ್ಟಿಗೆಯ ಆಚೆ ಬದಿಯಿಂದ ತಂಗಿಯ ದನಿ ಮೆಲ್ಲಗೆ ಕೇಳುತ್ತಿತ್ತು: ಡಿಪೋ, ಹಳೇ ಸೇತುವೆ, ಗಡಿಯಾರ ಕಂಬ, ಆಸ್ಪತ್ರೆ... ಒಂದೂ ಸ್ಟಾಪು ಹಾರಿಸದೆ.